ಸೊಪ್ಪು ಕಟ್ಟಿದ ವಾಲ್ವು

ಬೆಂಗಳೂರಿನ ಆ ಹೋಟೆಲಿನ ಬಾಗಿಲು ನೀಲಿ ಬಣ್ಣದ್ದು ಎಂದು ಮೊದಲು ಬರೆದಿದ್ದೆ. ಫೋನಿನಲ್ಲಿ ಉಳಿದಿರುವ ಚಿತ್ರದಲ್ಲಿ ಅದು ಹಸಿರು. ಚಿತ್ರ ತೆಗೆದವಳು ನಾನೇ. ಬಾಗಿಲ ಮುಂದೆ ಚೀಲ ಹಿಡಿದು, ಯಾರಾದರೂ ಒಳಗೆ ಕರೆಯಲಿ ಎಂದು ಕಾಯುವವನಂತೆ ನಿಂತಿರುವವನು ನನ್ನ ಅಪ್ಪನೇ. ಆದರೂ ಕಣ್ಣು ಮುಚ್ಚಿದರೆ ನೀಲಿಯೇ ಕಾಣುತ್ತದೆ. ಇಷ್ಟು ಸಣ್ಣದರಲ್ಲಿ ತಪ್ಪುವ ನೆನಪು, ದೊಡ್ಡ ವಿಷಯದಲ್ಲಿ ನನ್ನ ಪರವಾಗಿ ಏನೇನು ತಿದ್ದಿಟ್ಟುಕೊಂಡಿದೆಯೋ ಗೊತ್ತಿಲ್ಲ. ಹಾಗಾಗಿ ಇಲ್ಲಿ ನನಗೆ ಅನುಕೂಲವಾಗಿ ಕಾಣುವ ವಾಕ್ಯ ಬಂದಾಗಲೆಲ್ಲ ಪೆನ್ನು ಎತ್ತಿ ಅದನ್ನು ಮತ್ತೊಮ್ಮೆ ಓದುತ್ತೇನೆ.

ಅಪ್ಪ ಬೆಳಗೊಳದ ಕಡೆಯ ನಾಲೆಯಲ್ಲಿ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ತೂಬು ತೆರೆಯುವುದು, ಮುಚ್ಚುವುದು, ಏರಿಯ ಮೇಲೆ ನಡೆದು ನೀರು ದಾರಿ ತಪ್ಪಿದೆಯೇ ಎಂದು ನೋಡಿಕೊಳ್ಳುವುದು ಅವನ ಕೆಲಸ. ನೋಡುವುದಕ್ಕಿಂತ ಅವನು ಕೇಳುತ್ತಿದ್ದುದೇ ಹೆಚ್ಚು. ಏರಿಯ ಮೇಲೆ ನಿಂತು, ತಲೆ ಒಂದು ಕಡೆ ಓರೆ ಮಾಡಿ, ಕೆಳಗಿನ ತೂಬು ಎಷ್ಟು ಎತ್ತಿದೆ ಎಂದು ಹೇಳಿಬಿಡುತ್ತಿದ್ದ. ಕೆಲಸದಿಂದ ನಿವೃತ್ತನಾದ ಮೇಲೂ ಊರಿನವರು ಅವನನ್ನೇ ಕೂಗುತ್ತಿದ್ದರು. ತೂಬು ತಿರುಗಿಸುವ ಕಬ್ಬಿಣದ ಹಿಡಿಯೊಂದು ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ಯಾವಾಗಲೂ ಒರಗಿರುತ್ತಿತ್ತು.

ಮೂರು ವರ್ಷದ ಹಿಂದೆ ಅವನ ಕಿವಿಯೊಳಗೆ ನೀರು ಹರಿಯತೊಡಗಿತು. ನೀರಲ್ಲ, ನೀರಿನ ಸದ್ದು. ಹಗಲು ಹೊತ್ತು, ಊಟದ ನಡುವೆ, ಮಾತಿನ ನಡುವೆ ಎದ್ದು ಹೋಗಿ ನಲ್ಲಿ ನೋಡಿ ಬರುತ್ತಿದ್ದ. ಮೊದಮೊದಲು ನಮಗೆ ನಗು. ಆಮೇಲೆ ಒಂದು ಮಧ್ಯಾಹ್ನ, ನಾಲೆ ಉಕ್ಕುತ್ತಿದೆ ಎಂದು ಅನ್ನಿಸಿ, ಪಕ್ಕದ ಮನೆಯವರ ಗದ್ದೆಯ ತೂಬು ಮುಚ್ಚಿ ಬಂದುಬಿಟ್ಟ. ಅವರು ಆಗಷ್ಟೇ ಭತ್ತದ ಸಸಿಗೆಂದು ಒಟ್ಲು ಹಾಕಿದ್ದರು. ಎರಡು ದಿನ ಯಾರೂ ಅದನ್ನು ತೆರೆಯಲಿಲ್ಲ. ಸಸಿಯೆಲ್ಲ ಕೆಂಪಾಗಿ ಹೋಯಿತು. ನೀರುಗಂಟಿ ಮುಚ್ಚಿದ್ದಾನೆ ಎಂದರೆ ಕಾರಣ ಇರುತ್ತದೆ ಎಂದು ಅವರೂ ಸುಮ್ಮನಿದ್ದರಂತೆ. ಅಂದಿನಿಂದ ಅಪ್ಪ ಅಂಗಡಿ ಬೀದಿಗೆ ಹೋದರೆ ಸಾಕು, ಜಗಲಿ ಮೇಲಿನವರು ಕೂಗುತ್ತಿದ್ದರು.

"ಏನ್ ನೀರುಗಂಟಪ್ಪಾ, ಇವತ್ತು ಎಡಗಿವೀಗೆ ಬುಟ್ಟಿದ್ದೀಯೋ, ಬಲಗಿವೀಗೋ?"

"ನಿಮ್ಮಪ್ಪನ ಗದ್ದೆಗೆ ಬುಟ್ಟಿವ್ನಿ, ಓಗಿ ನೋಡ್ಲಾ," ಎನ್ನುತ್ತಿದ್ದ ಅಪ್ಪ. ನಗುತ್ತಲೇ ಅನ್ನುತ್ತಿದ್ದ. ಮನೆಗೆ ಬಂದ ಮೇಲೆ ಊಟ ಕಡಿಮೆ ಮಾಡುತ್ತಿದ್ದ.

ಬೆಳಗೊಳದಲ್ಲಿ ಅವನ ಜೊತೆ ಇರುವವನು ನನ್ನ ಅಣ್ಣ. ನಾನು ಮದುವೆಯಾಗಿ ಪಾಂಡವಪುರದಲ್ಲಿದ್ದೇನೆ, ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಒಟ್ಲು ಒಣಗಿದ ವಾರವೇ ಅಣ್ಣ ಆ ಹಿಡಿಯನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ. "ದೊಡ್ಡಾಸ್ಪತ್ರೇಲಿ ತೋರ್ಸನ. ಡಾಕ್ಟ್ರು ಏನಂತಾರೋ ಅಂಗೆ. ಅಲ್ಲೀಗಂಟ ನಾಲೆ ತಾವ ಒಬ್ನೇ ಓಗಂಗಿಲ್ಲ ನೀನು," ಎಂದ. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದ: "ನನ್ಗೆ ತಲೆ ಕೆಟ್ಟದೆ ಅಂತಾವನೇನವ್ವ ಅವ್ನು? ಡಾಕ್ಟ್ರ ಬಾಯಲ್ಲಿ ಇಲ್ಲ ಅನ್ಸಿಬುಡು. ಅಷ್ಟೇ ನನ್ಗೆ ಬೇಕಾಗಿರಾದು."

ಹಾಗಾಗಿ ಬೆಂಗಳೂರು. ಕಿವಿಯ ಪರೀಕ್ಷೆಗೆ ಬರುವ ಮುಂಚೆ ಒಂದು ದಿನವಾದರೂ ಜೋರು ಸದ್ದಿಗೆ ಸಿಕ್ಕಬಾರದು, ಚೆನ್ನಾಗಿ ನಿದ್ದೆ ಮಾಡಿರಬೇಕು ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಬಸ್ ಸ್ಟ್ಯಾಂಡಿನ ಪಕ್ಕದ ಲಾಡ್ಜುಗಳಲ್ಲಿ ಅದು ಆಗದ ಮಾತು. ಫೋನಿನಲ್ಲಿ ಹುಡುಕಿದಾಗ ಹಳೆಯ ಬಡಾವಣೆಯೊಂದರ ಒಳರಸ್ತೆಯಲ್ಲಿ ಐದೇ ಕೋಣೆಯ ಹೋಟೆಲು ಸಿಕ್ಕಿತು. ಹಿಂದೆ ಯಾರದೋ ಮನೆಯಾಗಿದ್ದದ್ದು. ಮೂರು ಅಂತಸ್ತು, ಕಿರಿದಾದ ಮುಂಭಾಗ, ಎರಡೂ ಪಕ್ಕದ ಮನೆಗಳಿಗೆ ಅಂಟಿಕೊಂಡೇ ನಿಂತಿದೆ. ಕಿಟಕಿಯ ಪಕ್ಕ ದಿಂಬಿಟ್ಟ ಕುರ್ಚಿ, ಪುಸ್ತಕದ ಗೂಡು, ಹಳದಿ ಬೆಳಕಿನ ದೀಪ. ಚಿತ್ರ ನೋಡಿ ನನಗೇ ಆಸೆಯಾಯಿತು. ಅಪ್ಪನ ಕಿವಿಗಾಗಿ ಅದನ್ನು ಆರಿಸಿದೆ ಎನ್ನುವುದು ಅರ್ಧ ನಿಜ. ಅಂಥ ಮನೆಯಲ್ಲಿ ಎರಡು ದಿನ ಇರುವ ಆಸೆ ನನಗೂ ಇತ್ತು.

ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಅಪ್ಪ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೊಂದು ಟವಲ್ಲು ಸುತ್ತಿಕೊಂಡಿದ್ದ. ಚನ್ನಪಟ್ಟಣ ದಾಟುವವರೆಗೂ ನಾನು ಹೇಳಿದ್ದಕ್ಕೆಲ್ಲ ಕೈ ಸನ್ನೆಯಲ್ಲೇ ಉತ್ತರ.

ಬಾಗಿಲು ತೆರೆದವರು ಆ ಮನೆಯ ಒಡತಿ. ಐವತ್ತು ದಾಟಿದವರು, ಹತ್ತಿ ಸೀರೆ, ಮೆಲು ದನಿ. ತಾತ ಕಟ್ಟಿಸಿದ ಮನೆ, ಮಾರಲು ಮನಸ್ಸಾಗದೆ ಹೀಗೆ ಮಾಡಿಕೊಂಡಿದ್ದೇನೆ ಎಂದರು. ಅಪ್ಪ ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಂದು ಸುತ್ತ ನೋಡಿದ. ಅವನಿಗೆ ಹೋಟೆಲು ಎಂದರೆ ಕೆ.ಆರ್.ಎಸ್. ಬಸ್ ನಿಲ್ಲುವ ಕಡೆಯ ಇಡ್ಲಿ ಹೋಟೆಲುಗಳು.

"ದುಡ್ಡು ಕಟ್ಟೋ ಗಲ್ಲ ಎಲ್ಲವ್ವ?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಇಲ್ಲಿ ಗಲ್ಲ ಇಲ್ಲ ಕಣಪ್ಪ. ಮನೆ ಥರ."

"ಮನೆ ಥರ ಅಂದ್ರೆ, ಮನೆಯೋ ಹೋಟ್ಲೋ? ನೋಡಲ್ಲಿ, ಹಂಡೇಲಿ ಗಿಡ ಮಡಗವ್ರೆ. ನೀರೆಲ್ಲಿ ಕಾಯ್ಸಾರು ಇವ್ರು?"

ಒಡತಿಗೆ ಕೇಳಿಸಿ ಅವರು ನಕ್ಕರು. "ಗೀಸರ್ ಇದೆ ಅಂಕಲ್. ನೀವು ಆರಾಮಾಗಿರಿ," ಎಂದರು.

ಅಪ್ಪ ಮೆಟ್ಟಿಲು ಹತ್ತತೊಡಗಿದಾಗ ನಾನು ಒಂದು ಕೆಲಸ ಮಾಡಿದೆ. ಇದು ಚೆನ್ನಾಗಿ ನೆನಪಿದೆ. ನನಗೆ ಅನುಕೂಲವಲ್ಲದ್ದಾದರೂ ಮಾಸದೆ ಉಳಿದಿದೆ. ಒಡತಿಯ ಹತ್ತಿರ ಹೋಗಿ, ಅಪ್ಪನಿಗೆ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ: ತಂದೆಗೆ ಇಲ್ಲದ ಸದ್ದು ಕೇಳಿಸುತ್ತದೆ, ನೀರು ಸೋರುತ್ತಿದೆ ಎಂದು ಹೇಳಬಹುದು, ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರು ನನ್ನ ತೋಳು ಮುಟ್ಟಿ ಅರ್ಥವಾಯಿತು ಎಂದರು. ಮೆಟ್ಟಿಲ ತಿರುವಿನಲ್ಲಿ ಅಪ್ಪ ನಿಂತು ಕೆಳಗೆ ನೋಡುತ್ತಿದ್ದ. ಅವನಿಗೆ ಇಂಗ್ಲಿಷು ಬರುವುದಿಲ್ಲ. ಆದರೆ ತೋಳು ಮುಟ್ಟಿದ್ದು ಕಂಡಿರಬಹುದು.

ನಮ್ಮ ಕೋಣೆ ಎರಡನೇ ಅಂತಸ್ತಿನಲ್ಲಿ. ಮೆತ್ತನೆಯ ಹಾಸಿಗೆ ಅಪ್ಪನಿಗೆ ಹಿಡಿಸಲಿಲ್ಲ. "ಕೆಸರೊಳಗೆ ಮನಗ್ದಂಗಾಯ್ತದೆ," ಎಂದು ಎದ್ದು, ನೆಲದ ಜಮಖಾನೆಯ ಮೇಲೆ, ಮೆಟ್ಟಿಲ ಕಡೆಯ ಗೋಡೆಗೆ ತಲೆ ಕೊಟ್ಟು ಮಲಗಿದ. ನಾನು ಕಿಟಕಿಯ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು ಅವರ ಗೂಡಿನ ಪುಸ್ತಕವೊಂದನ್ನು ತಿರುವುತ್ತಿದ್ದೆ. ಹೊರಗೆ ಹೊಂಗೆ ಮರ. ನನ್ನ ಸಂಸಾರ, ಶಾಲೆ, ಊರು ಎಲ್ಲ ದೂರ. ಎಷ್ಟೋ ವರ್ಷಗಳ ಮೇಲೆ ಸುಖ ಎನ್ನುವಂಥದ್ದು ಬಂದು ಪಕ್ಕದಲ್ಲಿ ಕೂತ ಹಾಗಿತ್ತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅಪ್ಪ ಎದ್ದು ಕುಳಿತ.

"ಗ್ವಾಡೆ ಒಳಗೆ ನೀರು ಓಡ್ತಾ ಅದೆ ಕಣವ್ವ."

"ಅದು ನಿನ್ನ ಕಿವಿಯೊಳಗೆ ಕಣಪ್ಪ," ಎಂದೆ. ಪುಸ್ತಕದಿಂದ ತಲೆ ಎತ್ತದೆ ಎಂದೆ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಎಲ್ಲರ ಬಾಯಿಗೂ ಕೂತುಹೋಗಿದ್ದ ಮಾತು ಅದು.

"ಇದು ಬ್ಯಾರೆ. ಕಿವೀದು ಎರಡೂ ಕಡೆ ಒಂದೇ ಸಮ ಕೇಳುಸ್ತದೆ. ತಲೆ ತಿರುಗ್ಸುದ್ರೂ ಬುಡಾಕಿಲ್ಲ. ಇದು ಗ್ವಾಡೆ ಕಡೆಯಿಂದ ಮಾತ್ರ ಬತ್ತಾ ಅದೆ. ನೀನೊಂದ್ಸಲ ಕಿವಿ ಮಡಗಿ ನೋಡು."

ನಾನು ಗೋಡೆಗೆ ಕಿವಿ ಇಟ್ಟೆ, ನನಗೇನೂ ಕೇಳಿಸಲಿಲ್ಲ ಎಂದು ಆಮೇಲೆ ಕೆಲವರಿಗೆ ಹೇಳಿದ್ದೇನೆ. ಹೇಳಿ ಹೇಳಿ ಗೋಡೆಯ ತಂಪು ಕೆನ್ನೆಗೆ ತಾಗಿದ್ದೂ ನೆನಪಾಗತೊಡಗಿತ್ತು. ಸುಳ್ಳು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. "ನಾಳೆ ಡಾಕ್ಟರ್ ಹತ್ತಿರ ಹೇಳಪ್ಪ," ಎಂದೆ.

ಸಂಜೆ ಟೀ ಕುಡಿಯಲು ಕೆಳಗೆ ಇಳಿದಾಗ ಅಪ್ಪ ಒಡತಿಗೇ ನೇರವಾಗಿ ಹೇಳಿದ. ತನ್ನ ಕೆಲಸದ ಗತ್ತಿನಲ್ಲಿ ಹೇಳಿದ, ಮೇಲಧಿಕಾರಿಗೆ ವರದಿ ಕೊಡುವ ಹಾಗೆ. "ಅಮ್ಮಾರೇ, ನಿಮ್ ಮೆಟ್ಲು ಗ್ವಾಡೆ ಒಳಗೆ ಪೈಪು ಬಾಯಿ ಬುಟ್ಟದೆ. ಸಣ್ಣಗೆ ಹೋಯ್ತಾ ಅದೆ. ಈಗ್ಲೇ ನೋಡ್ಸುದ್ರೆ ಒಳ್ಳೇದು."

"ಖಂಡಿತ ನೋಡಿಸ್ತೀನಿ ಅಂಕಲ್," ಎಂದು ಅವರು ಇನ್ನೊಂದು ಬಿಸ್ಕತ್ತು ಅವನ ತಟ್ಟೆಗೆ ಹಾಕಿದರು. ಆಮೇಲೆ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು. ನಾನೂ ನಕ್ಕೆ.

ಅಪ್ಪ ಆ ಬಿಸ್ಕತ್ತು ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವನು ಕೋಣೆಯಲ್ಲಿರಲಿಲ್ಲ. ಹಲ್ಲುಜ್ಜಲು ನಲ್ಲಿ ತಿರುಗಿಸಿದರೆ ಒಂದಿಷ್ಟು ಬಂದು ನಿಂತಿತು. ಅಷ್ಟರಲ್ಲಿ ಅಪ್ಪ ಮೇಲಿನಿಂದ ಇಳಿದು ಬಂದ, ಅಂಗೈ ತುಂಬ ತುಕ್ಕು.

"ನಿಲ್ಲುಸ್ಬುಟ್ಟೆ ಕಣವ್ವ. ತಾರಸಿ ಮೇಲೆ ಟ್ಯಾಂಕ್ ತಾವ ವಾಲ್ವು ಅದೆ, ಅರ್ಧ ತೆಗ್ದಿಟ್ಟವ್ರೆ. ಮುಚ್ದೆ. ಇಳ್ದು ಬಂದು ಗ್ವಾಡೆಗೆ ಕಿವಿ ಕೊಟ್ಟು ನೋಡ್ದೆ, ಸದ್ದು ನಿಂತೋಗದೆ. ಕಿವೀದಾಗಿದ್ರೆ ನಿಲ್ತಿತ್ತಾ ಯೋಳು?"

ಅವನ ಮುಖದಲ್ಲಿ ಅಷ್ಟು ನೆಮ್ಮದಿ ಕಂಡು ಬಹಳ ದಿನವಾಗಿತ್ತು. ಅವನು ಹೇಳಿದ್ದು ಎಂಥ ಮಾತು! ಇವತ್ತು ಇಲ್ಲಿ ಬರೆಯುವಾಗ ಅದರ ಲೆಕ್ಕಾಚಾರ ಸಲೀಸಾಗಿ ತಿಳಿಯುತ್ತದೆ: ವಾಲ್ವು ಮುಚ್ಚಿದ ಕೂಡಲೇ ನಿಂತ ಸದ್ದು ತಲೆಯೊಳಗಿನದಾಗಿರಲು ಸಾಧ್ಯವಿಲ್ಲ. ಆಸ್ಪತ್ರೆಗೆ ಹೋಗುವ ಮುಂಚೆಯೇ ಅವನು ತಾನೇ ತನ್ನ ಪರೀಕ್ಷೆ ಮಾಡಿಕೊಂಡು ಬಂದಿದ್ದ. ನನಗೆ ಮಾತ್ರ ಆಗ ಕೇಳಿಸಿದ್ದು ಬೇರೆ. ಪಕ್ಕದ ಕೋಣೆಯವರು ಬಾಗಿಲು ತೆಗೆದು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಕೆಳಕ್ಕೆ ಕೂಗುತ್ತಿದ್ದರು. ಒಡತಿ ಬಂದೆ ಬಂದೆ ಎನ್ನುತ್ತಿದ್ದರು.

"ಸುಮ್ನೆ ಕೂತ್ಕೋ ಇಲ್ಲಿ, ಎಲ್ಲೂ ಹೋಗಬೇಡ," ಎಂದು ಅಪ್ಪನಿಗೆ ಹೇಳಿ ನಾನು ಎರಡೆರಡು ಮೆಟ್ಟಿಲು ಹತ್ತಿದೆ.

ತಾರಸಿಯ ಮೇಲೆ ಕರಿಬೇವು, ದಾಸವಾಳದ ಕುಂಡಗಳು. ಟ್ಯಾಂಕಿನಿಂದ ಇಳಿಯುವ ಕೊಳವೆಯ ವಾಲ್ವಿಗೆ ಕರಿಬೇವಿನ ಒಂದು ರೆಂಬೆ ಕಟ್ಟಿತ್ತು. ಟವಲ್ಲಿನ ಅಂಚಿನಿಂದ ಎಳೆದ ದಾರದ ಗಂಟು.

ನಮ್ಮ ಕಡೆ ನೀರುಗಂಟಿ ತೂಬು ಮುಚ್ಚಿ ಹೋಗುವಾಗ ಲಕ್ಕಿ ಸೊಪ್ಪಿನ ರೆಂಬೆಯೊಂದನ್ನು ಅದಕ್ಕೆ ಕಟ್ಟಿ ಹೋಗುತ್ತಾನೆ. ಬೇಕೆಂದೇ ಮುಚ್ಚಿದ್ದೇನೆ, ನಾನೇ ಬಂದು ತೆಗೆಯುವವರೆಗೆ ಯಾರೂ ಮುಟ್ಟಬೇಡಿ ಎಂದು ಅದರ ಅರ್ಥ. ನೀರಿಗಾಗಿ ಗುದ್ದಲಿ ಎತ್ತಿ ಹೊಡೆದಾಡುವವರು ಕೂಡ ಸೊಪ್ಪು ಕಟ್ಟಿದ ತೂಬನ್ನು ಮುಟ್ಟುವುದಿಲ್ಲ. ಸಣ್ಣವಳಿದ್ದಾಗ ಆಟಕ್ಕೆಂದು ಆ ಸೊಪ್ಪು ಕಿತ್ತಿದ್ದಕ್ಕೆ ಅಪ್ಪ ನನ್ನ ಬೆನ್ನಿಗೆ ಬಾರಿಸಿದ್ದ. ಅಥವಾ ಏಟು ತಿಂದವನು ಅಣ್ಣನೋ? ಅಣ್ಣ ತಾನೇ ಎನ್ನುತ್ತಾನೆ. ಯಾರ ಬೆನ್ನಾದರೂ ಇರಲಿ, ಆ ಸೊಪ್ಪಿನ ಅರ್ಥ ನನಗೆ ಗೊತ್ತಿತ್ತು. ಬೆಂಗಳೂರಿನ ಲಕ್ಷಾಂತರ ಜನರಲ್ಲಿ, ಅಷ್ಟು ಹೊತ್ತಿನಲ್ಲಿ, ಆ ರೆಂಬೆಯನ್ನು ಓದಬಲ್ಲವಳು ನಾನೊಬ್ಬಳೇ.

ಓದಿ, ವಾಲ್ವು ತಿರುಗಿಸಿದೆ. ಸಿಟ್ಟಿನಲ್ಲಿ, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದೆ. ಮೊದಲು ಅರ್ಧ ಮಾತ್ರ ತೆರೆದಿತ್ತು ಎಂದು ಅಪ್ಪ ಹೇಳಿದ್ದು ಆಗ ತಲೆಗೇ ಬರಲಿಲ್ಲ. ಗಂಟು ಕೊಳವೆಗೆ ಬಿಗಿದಿದ್ದರಿಂದ ಸೊಪ್ಪು ಅಲ್ಲೇ ಉಳಿಯಿತು.

ಕೆಳಗೆ ಬಂದಾಗ ಅಪ್ಪ ನಾನು ಹೇಳಿದಲ್ಲೇ ಕುಳಿತಿದ್ದ. "ತೆಗ್ದೇನವ್ವ?" ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಲ್ಲಿಯಲ್ಲಿ ನೀರು ಬಂದದ್ದು ಅವನಿಗೆ ಕಾಣಿಸಿತ್ತು. ಅವನು ಗೋಡೆಯ ಕಡೆ ನೋಡಿ, ಆಮೇಲೆ ಚೀಲದಿಂದ ಬೇರೆ ಪಂಚೆ ತೆಗೆದುಕೊಂಡ.

ಆಸ್ಪತ್ರೆಯಲ್ಲಿ ಗಾಜಿನ ಗೂಡಿನೊಳಗೆ ಅವನನ್ನು ಕೂರಿಸಿ, ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರು. ಹೊರಗಿನಿಂದ ನಾನು ನೋಡುತ್ತಿದ್ದೆ. ಅಪ್ಪನ ತಲೆ ಓರೆಯಾಗಿತ್ತು, ಏರಿಯ ಮೇಲೆ ನಿಂತಾಗಿನ ಹಾಗೆ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರು, ವಯಸ್ಸಾದ ಹೆಂಗಸು, ಅಪ್ಪನಿಗೇ ಹೇಳಿದರು. "ಯಜಮಾನ್ರೇ, ಕಿವಿಯ ನರ ಸವೆದಿದೆ. ಅದು ತಾನೇ ಸದ್ದು ಮಾಡ್ಕೊಳ್ಳುತ್ತೆ. ಪೂರ್ತಿ ಹೋಗಲ್ಲ, ಮಷೀನ್ ಹಾಕಿದರೆ ಕಡಿಮೆ ಅನ್ಸುತ್ತೆ. ತಲೆಗೆ ಸಂಬಂಧ ಇಲ್ಲ ಇದು. ನಿಮ್ಮ ಬುದ್ಧಿ ಚೆನ್ನಾಗೇ ಇದೆ."

"ಅದೊಂದು ಮಾತ ಬರ್ದು ಕೊಡಿ ತಾಯಿ. ನನ್ ಮಗಂಗೆ ತೋರುಸ್ಬೇಕು."

ಡಾಕ್ಟರು ನಕ್ಕು, ಬರೆದೇ ಕೊಟ್ಟರು. ಅಪ್ಪ ಇನ್ನೂ ಎದ್ದೇಳಲಿಲ್ಲ. "ಇನ್ನೊಂದು. ಸದ್ದು ಒಳಗಿಂದೋ ಹೊರಗಿಂದೋ ಅಂತ ತಿಳ್ಕಳಾದು ಎಂಗೆ?"

"ಸುಲಭ. ಪಕ್ಕದಲ್ಲಿ ಇರೋರನ್ನ ಕೇಳಿ. ನಿಮಗೂ ಕೇಳಿಸ್ತಿದೆಯಾ ಅಂತ. ಅವರು ಹೌದು ಅಂದ್ರೆ ಹೊರಗಿಂದು."

ಅಪ್ಪ ನನ್ನ ಕಡೆ ತಿರುಗಲಿಲ್ಲ. ತಿರುಗಿದ, ಬಹಳ ಹೊತ್ತು ನೋಡಿದ ಎಂದು ನನ್ನ ಡೈರಿಯಲ್ಲಿದೆ. ಹಾಗೆ ಬರೆದುಕೊಂಡದ್ದು ಬಹುಶಃ ನನಗೆ ಶಿಕ್ಷೆಯಾಗಲಿ ಎಂಬ ಆಸೆಯಿಂದ. ಅವನು ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಳ್ಳುವುದರಲ್ಲಿ ಮುಳುಗಿದ್ದ.

ಮಧ್ಯಾಹ್ನ ಮೂರರ ಮೇಲೆ ಹಿಂತಿರುಗಿದೆವು. ದಾರಿಯಲ್ಲಿ ಅಪ್ಪ ಮಾತಾಡುತ್ತಲೇ ಇದ್ದ, ಆ ಹಿಡಿ ತುಕ್ಕು ಹಿಡಿದಿರುತ್ತದೆ, ಎಣ್ಣೆ ಹಾಕಬೇಕು ಎಂದು. ಹೋಟೆಲಿನ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲಲ್ಲೇ ಒದ್ದೆ ಜಮಖಾನೆಗಳ ರಾಶಿ. ಮೆಟ್ಟಿಲ ಗೋಡೆಯ ಗಾರೆ ಆಳೆತ್ತರ ಕಳಚಿ ಬಿದ್ದು, ಒಳಗಿನ ಇಟ್ಟಿಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಕೆಳಗಿನ ಕೋಣೆಯ ಪುಸ್ತಕಗಳನ್ನೆಲ್ಲ ಒಡತಿ ಅಂಗಳದ ಬಿಸಿಲಿಗೆ ಹರಡಿದ್ದರು. ಸೀರೆ ಎತ್ತಿ ಕಟ್ಟಿ, ಬಕೆಟ್ಟು ಹಿಡಿದು ನಿಂತಿದ್ದರು. ನಮ್ಮನ್ನು ಕಂಡು ಅವರ ಮುಖ ಬೇರೆಯಾಯಿತು.

"ಪ್ಲಂಬರ್ ಬಂದು ಹೋದ," ಎಂದರು ನನಗೆ. "ತಾರಸಿ ವಾಲ್ವನ್ನ ಯಾರೋ ಪೂರ್ತಿ ತೆಗೆದುಬಿಟ್ಟಿದ್ದಾರೆ. ಹಳೇ ಪೈಪು ಅಂತ ನಾವು ಅರ್ಧ ಮಾತ್ರ ತೆಗೆದಿಡೋದು. ಒತ್ತಡಕ್ಕೆ ಒಡೆದಿದೆ ಅಂದ." ಆಮೇಲೆ ಸೊಂಟದ ಸೆರಗಿನಿಂದ ಬಾಡಿದ ಕರಿಬೇವಿನ ರೆಂಬೆಯನ್ನು ದಾರದ ಸಮೇತ ತೆಗೆದರು. "ಇದು ವಾಲ್ವಿಗೆ ಕಟ್ಟಿತ್ತು, ದಾರ ಕತ್ತರಿಸಿ ತಂದೆ. ಅಂಕಲ್, ಬೆಳಿಗ್ಗೆ ನೀವು ಮೇಲೆ ಹೋಗಿದ್ದು ನಾನು ನೋಡಿದೆ. ಇದೇನು ಆಟ ಹೇಳಿ?"

ಇಲ್ಲಿ ನಾನು ಮಾತಾಡಬೇಕಿತ್ತು. ಹೇಳಬೇಕಾದದ್ದು ಎರಡೇ ವಾಕ್ಯ. ಅವನು ಮುಚ್ಚಿದ್ದ, ತೆಗೆದವಳು ನಾನು. ನನ್ನ ಗಂಡನಿಗೆ ಹೇಳುವಾಗ ಈ ಕಡೆಯಲ್ಲಿ ನಾನು ಮಾತಾಡಿದ್ದೇನೆ. ಶಾಲೆಯಲ್ಲಿ ಗೆಳತಿಗೆ ಹೇಳುವಾಗ, ಮಾತಾಡಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಪ್ಪ ಮುಂದಾದ ಎಂದಿದ್ದೇನೆ. ಬಾಯಿ ತೆರೆದಿರಲಿಲ್ಲ. ಆ ಒದ್ದೆ ಪುಸ್ತಕಗಳನ್ನು ನೋಡುತ್ತಿದ್ದೆ, ಇಂಥ ಮನೆಗೆ ಮತ್ತೆ ಬರುವ ಹಾಗಿಲ್ಲ ಎಂದು ಯೋಚಿಸುತ್ತಿದ್ದೆ. ಅದೇ ನಿಜ.

ಅಪ್ಪ ಆ ರೆಂಬೆಯನ್ನು ಕೈಗೆ ತೆಗೆದುಕೊಂಡ. ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದ. ಅದು ಬಿಚ್ಚಿರಲಿಲ್ಲ. ಸೊಪ್ಪು ಕಟ್ಟಿದ ವಾಲ್ವನ್ನು ಸೊಪ್ಪಿನ ಸಮೇತ ಯಾರೋ ತೆರೆದಿದ್ದಾರೆ ಎಂದು ಅವನಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ತಾರಸಿಗೆ ಹತ್ತಿದವರು ಇಬ್ಬರೇ ಎಂದೂ ತಿಳಿಯದೆ ಇರಲು ಸಾಧ್ಯವಿಲ್ಲ.

"ನಾನೇ ತಿರುಗುಸ್ದೆ ಕಣಮ್ಮ," ಎಂದ. "ನನ್ ಕಿವಿ ಸರಿಯಿಲ್ಲ. ಮಗಳು ಯೋಳಿರ್ಬೇಕಲ್ಲ ನಿಮ್ಗೆ."

ಒಡತಿಯ ಸಿಟ್ಟು ಇಳಿಯಿತು. ಇಳಿದದ್ದೇ ನನಗೆ ಹೆಚ್ಚು ಕಷ್ಟವಾಯಿತು. "ಹೋಗ್ಲಿ ಬಿಡಿ ಅಂಕಲ್. ನೀವು ನಿನ್ನೆನೇ ಹೇಳಿದ್ರಿ ಸೋರ್ತಿದೆ ಅಂತ. ನಾನೇ..." ಎಂದು ಅವರು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದರು. ಒಂದು ಕ್ಷಣ ಅವರಿಗೆ ಏನೋ ಹೊಳೆದ ಹಾಗಿತ್ತು. ನಾನು ಬಕೆಟ್ಟು ತೆಗೆದುಕೊಂಡು ನೆಲ ಒರೆಸಲು ಶುರು ಮಾಡಿದೆ. ಅಪ್ಪನೂ ಪಂಚೆ ಎತ್ತಿ ಕಟ್ಟಿ, ಬಿದ್ದ ಗಾರೆಯನ್ನು ಒಂದು ಕಡೆ ಗುಡ್ಡೆ ಹಾಕಿದ. ಕತ್ತಲಾಗುವ ಮುಂಚೆ ರೈಲು ಹಿಡಿದೆವು. ಇನ್ನೊಂದು ದಿನದ ಕೋಣೆ ಹಾಗೇ ಬಿಟ್ಟೆವು.

ರೈಲಿನಲ್ಲಿ ಅವನು ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ. ನಾನು "ಅಪ್ಪ" ಎಂದೆ. "ಊಂ" ಎಂದ. "ಟೀ ಕುಡೀತೀಯಾ?" ಎಂದೆ.

ಬೆಳಗೊಳದ ಮನೆಯಲ್ಲಿ ಅಣ್ಣ ಕಾಯುತ್ತಿದ್ದ. ಅಪ್ಪ ಡಾಕ್ಟರ ಕಾಗದ ತೆಗೆದು ಕೊಟ್ಟ. ಅಣ್ಣ ಓದಿ, "ಸರಿ, ತಲೆ ನೆಟ್ಟಗದೆ ಅಂತ ಬರ್ದವ್ರೆ. ನಂಗೂ ಗೊತ್ತಿತ್ತು ಬುಡು," ಎಂದು ಬೀರುವಿನ ಕಡೆ ಹೋದ. ಆ ಹಿಡಿ ಕೊಡಲು ಹೋಗಿದ್ದ.

"ಬ್ಯಾಡ ಕಣ್ಲಾ, ಅಲ್ಲೇ ಮಡಗು," ಎಂದ ಅಪ್ಪ. "ಅಲ್ಲೂ ವಾಲ್ವ ತಿರುಗುಸಿ ಮನೆ ಹಾಳ್ಮಾಡಿ ಬಂದಿವ್ನಿ. ಕೇಳು ನಿನ್ ತಂಗೀನ."

ಅಣ್ಣ ನನ್ನನ್ನು ಕೇಳಿದ: "ಊನೇನಮ್ಮಿ, ನಿಜ್ವಾ?"

ನಾನು ಏನು ಹೇಳಿದೆನೋ ನೆನಪಿಲ್ಲ ಎಂದು ಬರೆಯುವುದು ಸುಲಭ. ತಲೆ ಆಡಿಸಿದೆ. ಅಣ್ಣ ಬೀರುವಿನ ಬಾಗಿಲು ಮುಚ್ಚಿದ.

ಅಣ್ಣನಿಗೆ ನಿಜ ಹೇಳುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಹಬ್ಬಕ್ಕೆ ಹೋದಾಗ, ಕೊಟ್ಟಿಗೆಯಲ್ಲಿ ಅವನು ಹಾಲು ಕರೆಯುತ್ತಿರುವಾಗ ಹೇಳಿದೆ. ಅವನು ಕರೆಯುವುದನ್ನು ನಿಲ್ಲಿಸಲಿಲ್ಲ.

"ಅಂಗಾರೆ ಅಪ್ಪಂದು ತಪ್ಪೇ ಇಲ್ವಲ್ಲಮ್ಮಿ."

"ಇಲ್ಲ."

"ಆಗ್ಲೇ ಬೊಗಳೋಕೇನಾಗಿತ್ತು ನಿಂಗೆ? ಟೀಚರಮ್ಮ, ಮಕ್ಕಳ್ಗೆ ನಿಜ ಯೋಳಿ ಅಂತ ಪಾಠ ಮಾಡ್ತೀಯ."

ಅವತ್ತೇ ಅವನು ಹಿಡಿಯನ್ನು ತಂದು ಅಪ್ಪನ ಮುಂದೆ ಇಟ್ಟ. ತಂಗಿ ಎಲ್ಲ ಹೇಳಿದಳು ಎಂದೂ ಹೇಳಿದ. ಅಪ್ಪ ಎಲೆ ಅಡಿಕೆ ಜಗಿಯುತ್ತ ಹಿಡಿಯನ್ನೂ ನನ್ನನ್ನೂ ನೋಡಿದ. "ಅವ್ಳು ನನ್ ಮನಸ್ ನೋಯ್ಬಾರ್ದು ಅಂತ ಅಂಗಂತಾಳೆ ಬುಡ್ಲಾ," ಎಂದ. ಹಾಗೆ ಎಂದದ್ದು ತಮಾಷೆಗೋ, ನಿಜವಾಗಿ ತಾನೇ ತೆರೆದೆ ಎಂದು ಅವನು ಈಗ ನಂಬಿದ್ದಾನೋ, ನನಗೆ ಇವತ್ತಿಗೂ ತಿಳಿದಿಲ್ಲ. ಎರಡನೆಯದಾಗಿದ್ದರೆ ಅದನ್ನು ಅವನಿಗೆ ಕಲಿಸಿದವಳು ನಾನು.

ಆಮೇಲೆ ಅವನು ನೀರಿನ ಸದ್ದಿನ ಮಾತನ್ನೇ ಬಿಟ್ಟ. ಮನೆಯವರಿಗೆಲ್ಲ ಹಗುರ. ಗುಣವಾಗಿದೆ ಎಂದು ಅತ್ತಿಗೆ ಅಂದುಕೊಂಡರು. ಕಿವಿಗೆ ಹಾಕಿಸಿದ ಮಷೀನು ಚೆನ್ನಾಗಿದೆ ಎಂದು ಅಣ್ಣ. ಅಂಗಡಿ ಬೀದಿಯವರಿಗೂ ಆಟ ಬೇಸರವಾಯಿತು.

ಕಳೆದ ತಿಂಗಳು ಅವನನ್ನು ನಾನೇ ಬಲವಂತ ಮಾಡಿ ನಾಲೆ ಏರಿಯ ಮೇಲೆ ಕರೆದುಕೊಂಡು ಹೋದೆ. ಹತ್ತು ಗಂಟೆಯ ಬಿಸಿಲು, ಎರಡೂ ದಡದ ತುಂಬ ನೀರು. ಮೆಲ್ಲಗೆ ನಡೆಯುತ್ತಿದ್ದವನು ಒಂದು ಕಡೆ ನಿಂತ. ತಲೆ ಓರೆಯಾಗಲು ಹೋಗಿ, ಮತ್ತೆ ನೆಟ್ಟಗಾಯಿತು. ಆಗ ನನಗೂ ಕೇಳಿಸಿತು. ಏರಿಯ ಹೊರ ಮಗ್ಗುಲಲ್ಲಿ, ಪೊದೆಗಳ ಕೆಳಗೆಲ್ಲೋ ಸಣ್ಣಗೆ ನೀರು ಬೀಳುತ್ತಿತ್ತು.

"ಅಪ್ಪ, ಕೇಳಿಸ್ತಿದೆ ಕಣಪ್ಪ. ನನಗೂ ಕೇಳಿಸ್ತಿದೆ," ಎಂದೆ.

ಅವನು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. "ನಿಜ್ವಾಗ್ಲೂ ಕೇಳುಸ್ತದೋ, ನನ್ ಸಮಾಧಾನಕ್ಕಂತೀಯೋ?"

"ನಿಜವಾಗಲೂ ಅಪ್ಪ. ಈ ಕಡೆ. ಕೆಳಗೆ."

"ಊಂ," ಎಂದ. ಪಕ್ಕದ ಕಲ್ಲಿನ ಮೇಲೆ ಕುಳಿತುಕೊಂಡ. "ಯಾರಾರ ನೋಡ್ಕತಾರೆ ಬುಡವ್ವ. ಬಿಸ್ಲಾಯ್ತು, ಓಗನ."

ನಾನು ಚಪ್ಪಲಿ ಬಿಟ್ಟು, ಪೊದೆ ಹಿಡಿದುಕೊಂಡು ಏರಿಯಿಂದ ಇಳಿದೆ. ಸೀರೆಗೆ ಮುಳ್ಳು ಹತ್ತಿತು. ಬುಡದಲ್ಲಿ ಹೆಬ್ಬೆರಳಷ್ಟು ತೂತು, ಅದರಿಂದ ಕೆಂಪು ನೀರು ಮಣ್ಣು ಕೊಚ್ಚಿಕೊಂಡು ಬರುತ್ತಿತ್ತು. ಅಂಗೈ ಒತ್ತಿ ಹಿಡಿದು ಮೇಲಕ್ಕೆ ಕೂಗಿದೆ: "ಅಪ್ಪಾ, ಇದೆ ಕಣಪ್ಪ! ಇಲ್ಲಿದೆ!"

ಅವನು ಏರಿಯ ಅಂಚಿಗೆ ಬಂದು ನಿಂತ. ಮಷೀನು ಹಾಕಿದ ಕಿವಿಗೆ ಕೈ ಕೊಟ್ಟು, "ಏನಂದೆ?" ಎಂದ.

ಮತ್ತೆ ಕೂಗಿದೆ. ನೀರು ಬೆರಳ ಸಂದಿಯಿಂದ ನುಗ್ಗುತ್ತಿತ್ತು. ಅವನು ಅಲ್ಲೇ ನಿಂತಿದ್ದ, ನಾನು ಹೇಳುತ್ತಿರುವುದನ್ನು ನಂಬಬೇಕೋ ಬೇಡವೋ ಎಂದು ನೋಡುತ್ತ.